ಮೆಸೊಥೆಲಿಯೋಮಾಕ್ಕೆ ಜೀನ್ ಥೆರಪಿ: ಟಾಲ್ಕ್ ಹಾಕಿಸುವ ಮುನ್ನ ಕೇಳಬೇಕಾದ್ದು

ಮೆಸೊಥೆಲಿಯೋಮಾ ಹೆಚ್ಚಾಗಿ ಶ್ವಾಸಕೋಶದ ಸುತ್ತಲಿನ ಪ್ಲೂರಾ ಪೊರೆಗೆ ಬರುವ ಕ್ಯಾನ್ಸರ್. ಬಹಳಷ್ಟು ರೋಗಿಗಳು ಎದೆಯಲ್ಲಿ ನೀರು ತುಂಬಿ, ಉಸಿರು ಕಟ್ಟಿದಾಗಲೇ ಆಸ್ಪತ್ರೆಗೆ ಬರುವುದು. ನೀರು ತೆಗೆದ ಮೇಲೆ ಮತ್ತೆ ತುಂಬದಿರಲೆಂದು ಟಾಲ್ಕ್ ಪುಡಿ ಹಾಕಿ ಪೊರೆಯ ಎರಡು ಪದರಗಳನ್ನು ಅಂಟಿಸುತ್ತಾರೆ, ಇದು ಪ್ಲೂರೋಡೆಸಿಸ್. ಒಳ್ಳೆಯ ಚಿಕಿತ್ಸೆಯೇ. ಆದರೆ ಈ ರೋಗದ ಜೀನ್ ಥೆರಪಿ (ಜೀವಕೋಶಗಳೊಳಗೆ ಜೀನ್ ಸೇರಿಸುವ ಪ್ರಯೋಗಾತ್ಮಕ ಚಿಕಿತ್ಸೆ) ಟ್ರಯಲ್‌ಗಳಲ್ಲಿ ಹೆಚ್ಚಿನವು ಔಷಧಿ ಬಿಡುವುದು ಆ ಪದರಗಳ ನಡುವಿನ ಜಾಗಕ್ಕೆ. ಅದು ಅಂಟಿಕೊಂಡರೆ ಅಂಥ ಟ್ರಯಲ್ ಕೈತಪ್ಪುತ್ತದೆ. ಆದ್ದರಿಂದ ಟಾಲ್ಕ್ ಬದಲು ಪ್ಲೂರಲ್ ಕ್ಯಾತಿಟರ್ (ಎದೆಯ ನೀರು ಹೊರತೆಗೆಯಲು ಒಳಗೇ ಬಿಡುವ ತೆಳು ಕೊಳವೆ) ಇಡಬಹುದೇ ಎಂದು ಮೊದಲೇ ಕೇಳಿ. ಅದರಿಂದ ಮನೆಯಲ್ಲೇ ನೀರು ತೆಗೆಯಬಹುದು, ಉಸಿರಾಟವೂ ಸರಿಸುಮಾರು ಅಷ್ಟೇ ಹಗುರಾಗುತ್ತದೆ.

ಬಯಾಪ್ಸಿ ಬೇಕೇ ಬೇಕು. ನೀರಿನ ಪರೀಕ್ಷೆಯೊಂದೇ ಹಲವು ಸಲ ಸಾಲದು. ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಬೈಫೇಸಿಕ್ (ಎರಡರ ಮಿಶ್ರಣ) ಎಂಬ ಮೂರು ಜೀವಕೋಶ ಬಗೆಗಳಲ್ಲಿ ಯಾವುದೆಂದು ರಿಪೋರ್ಟಿನಲ್ಲಿ ಇರಲಿ. ಪ್ಯಾರಾಫಿನ್ ಬ್ಲಾಕ್ (ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಕಾಪಿಟ್ಟದ್ದು) ಎಲ್ಲಿದೆ ಎಂದು ಗೊತ್ತಿರಲಿ, ಟ್ರಯಲ್‌ನವರು ಕೇಳುತ್ತಾರೆ. ಈ ರೋಗಕ್ಕೆ ಮುಖ್ಯ ಕಾರಣ ಕಲ್ನಾರು (ಆಸ್ಬೆಸ್ಟಾಸ್), ಆದ್ದರಿಂದ ಕಲ್ನಾರು ಶೀಟು, ಬಾಯ್ಲರ್ ಹೊದಿಕೆ, ಬ್ರೇಕ್ ಲೈನಿಂಗ್ ಕೆಲಸ ಮೂವತ್ತು ವರ್ಷ ಹಿಂದೆ ಮಾಡಿದ್ದರೂ ಹೇಳಿ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2016ರಲ್ಲಿ ವರದಿ ಮಾಡಿದ ಟ್ರಯಲ್ ನೋಡಿದರೆ ಕ್ರಮ ಅರ್ಥವಾಗುತ್ತದೆ. ಇಂಟರ್‌ಫೆರಾನ್ ಆಲ್ಫಾ-2ಬಿ (ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಪ್ರೋಟೀನ್) ಜೀನನ್ನು ಜೀವಕೋಶದೊಳಗೆ ಒಯ್ಯುವ ಅಡೆನೊವೈರಸ್; ಡೋಸ್‌ಗೆ 30,000 ಕೋಟಿ ಕಣ; ಕ್ಯಾತಿಟರ್ ಮೂಲಕ 1 ಮತ್ತು 4ನೇ ದಿನ. ಈ ಮೂರೇ ದಿನದ ಅಂತರಕ್ಕೆ ಕಾರಣವಿದೆ. ಹಿಂದಿನ ಟ್ರಯಲ್‌ನಲ್ಲಿ ಒಂದೆರಡು ವಾರ ಬಿಟ್ಟು ಎರಡನೇ ಡೋಸ್ ಕೊಟ್ಟಾಗ, ಅಷ್ಟರಲ್ಲಿ ಹುಟ್ಟಿದ್ದ ಪ್ರತಿಕಾಯಗಳು ವೈರಸ್ಸನ್ನು ತಡೆದು ಜೀನ್ ಒಳಗೆ ಹೋಗಲು ಬಿಡಲಿಲ್ಲ. ಜೊತೆಗೆ 14 ದಿನ ಸೆಲೆಕಾಕ್ಸಿಬ್ ಎಂಬ ಉರಿಯೂತದ ಔಷಧಿ ಕೊಟ್ಟರು, ಗಡ್ಡೆ ರೋಗನಿರೋಧಕ ಶಕ್ತಿಯನ್ನು ಅದುಮಿಡುವುದನ್ನು ಕುಗ್ಗಿಸಲು, ಆಮೇಲೆ ಕೀಮೊ. 40 ಜನರಲ್ಲಿ ಕಾಲುಭಾಗಕ್ಕೆ ಗಡ್ಡೆ ಕುಗ್ಗಿತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇದನ್ನು ಗೆಲುವೆಂದು ಓದಬೇಡಿ.

ಡೋಸ್ ಕೊಟ್ಟ ದಿನ ಚಳಿಜ್ವರ, ಮೈಕೈನೋವು ಬರುವುದು ನಿರೀಕ್ಷಿತ. ದಿನಗಳ ನಂತರ ಮತ್ತೆ ಜ್ವರ ಬಂದು, ಕ್ಯಾತಿಟರ್ ಬುಡ ಕೆಂಪಾಗಿ ಕೀವಾಡಿದರೆ ಸೋಂಕಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಮಂಜೂರಾದ ಚಿಕಿತ್ಸೆಯನ್ನು ಪಕ್ಕಕ್ಕಿಟ್ಟು ಟ್ರಯಲ್‌ಗೆ ಕಾಯುವುದನ್ನು ನಾವು ಖಂಡಿತ ಒಪ್ಪುವುದಿಲ್ಲ. ಪೆಮೆಟ್ರೆಕ್ಸೆಡ್ ಜೊತೆ ಪ್ಲಾಟಿನಮ್ ಕೀಮೊ ಇದೆ. ರೋಗನಿರೋಧಕ ಶಕ್ತಿಯನ್ನು ಚುರುಕಾಗಿಸುವ ನಿವೊಲುಮಾಬ್-ಇಪಿಲಿಮುಮಾಬ್ ಜೋಡಿ ದೊಡ್ಡ ಹೋಲಿಕೆಯ ಟ್ರಯಲ್‌ನಲ್ಲಿ ಮೀಡಿಯನ್ ಬದುಕನ್ನು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) ಕೀಮೊದ 14.1ರಿಂದ 18.1 ತಿಂಗಳಿಗೆ ಏರಿಸಿತು. ಎಪಿಥೀಲಿಯಾಯ್ಡ್ ಅಲ್ಲದ ಬಗೆಗಳಲ್ಲಿ ಲಾಭ ಇನ್ನೂ ಹೆಚ್ಚು.

ಯಾರಾದರೂ 'ಜೀನ್ ಥೆರಪಿ ಕೊಡುತ್ತೇವೆ' ಎಂದರೆ ಸಿಟಿಆರ್‌ಐ (ಭಾರತದ ಟ್ರಯಲ್ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಮತ್ತು ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೇಳಿ, ಒಪ್ಪಿಗೆಪತ್ರ ಕನ್ನಡದಲ್ಲೇ ಕೊಡಲು ಹೇಳಿ. ಟ್ರಯಲ್‌ನಿಂದಾದ ಹಾನಿಗೆ ಉಚಿತ ಚಿಕಿತ್ಸೆ ಸಿಗಬೇಕೆಂದು 2019ರ ನಿಯಮವಿದೆ. ಪ್ರಯೋಗದ ಔಷಧಿಗೆ ಲಕ್ಷಗಟ್ಟಲೆ ಕೇಳಿದರೆ ಸಹಿ ಹಾಕದೆ ಎದ್ದು ಬನ್ನಿ.