ನಾಲ್ಕು ಸುತ್ತು, ತೊಂಬತ್ತೇಳು ಸೆಕೆಂಡು: ವ್ಯಾಯಾಮ ವಿಜ್ಞಾನ ಓದಿ ಹಾವೇರಿಯಲ್ಲಿ ನೆಲೆ ನಿಂತ ನನ್ನ ಅನುಭವ

ಕಳೆದ ನೇಮಕಾತಿಯಲ್ಲಿ ನನ್ನ ಬಳಿ ತಯಾರಾದ 26 ಹುಡುಗರು ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ನಿಂತರು. 22 ಜನ ಗೆದ್ದು ಬಂದರು. ಹಾವೇರಿಯ ಸುತ್ತಮುತ್ತ ಇಷ್ಟು ಜನರನ್ನು ಒಂದೇ ಸಲಕ್ಕೆ ದಾಟಿಸಿದ ಇನ್ನೊಬ್ಬ ತರಬೇತುದಾರನನ್ನು ನಾನು ಕಂಡಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ‘ಹುಡುಗರನ್ನು ಓಡಿಸುವುದಕ್ಕೆ ಎಂ.ಎಸ್ಸಿ. ಬೇಕಿತ್ತೇ’ ಎಂದು ಕೇಳಿದವರೇ ಈಗ ತಮ್ಮ ಮಕ್ಕಳನ್ನು ಕಳಿಸುತ್ತಿದ್ದಾರೆ. ಈ ಪದವಿ ಹಿಡಿದು ಮುಂದೇನು ಎಂದು ಕುಳಿತವರಿಗೆ ನನ್ನ ಲೆಕ್ಕ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಾನು ವ್ಯಾಯಾಮ ಶರೀರಕ್ರಿಯಾಶಾಸ್ತ್ರ ಓದಿದ್ದು ಚೆನ್ನೈ ಹೊರವಲಯದ ತಮಿಳುನಾಡು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯದಲ್ಲಿ. ಹಾಸ್ಟೆಲ್, ಊಟ, ಓಡಾಟ ಸೇರಿ ಎರಡು ವರ್ಷಕ್ಕೆ ಎರಡು ಲಕ್ಷದ ಮೇಲೆ ಹೋಯಿತು. ಅಪ್ಪ ಒಂದು ಎಕರೆ ಹತ್ತಿ ಹೊಲ ಒತ್ತೆ ಇಟ್ಟಿದ್ದರು. ಓದು ಮುಗಿದ ಮೇಲೆ ಬೆಂಗಳೂರಿನ ಒಂದು ಜಿಮ್‌ನಲ್ಲಿ ತಿಂಗಳಿಗೆ 14 ಸಾವಿರಕ್ಕೆ ಸೇರಿದೆ. ಕೋಣೆ ಬಾಡಿಗೆಯೇ ಆರು ಸಾವಿರ. ಅಲ್ಲಿ ತರಬೇತಿಗಿಂತ ಪ್ಯಾಕೇಜ್ ಮಾರುವ ಕೆಲಸವೇ ಹೆಚ್ಚು. ತಿಂಗಳ ಗುರಿ ಮುಟ್ಟದಿದ್ದರೆ ಸಂಬಳಕ್ಕೆ ಕತ್ತರಿ. ಹೃದಯ ಚಿಕಿತ್ಸೆ ಪಡೆದವರಿಗೆ ವ್ಯಾಯಾಮ ಮಾಡಿಸುವ ಹುದ್ದೆಗೆಂದು ಒಂದು ಆಸ್ಪತ್ರೆಗೆ ಹೋದೆ. ‘ನೀವು ಫಿಸಿಯೋಥೆರಪಿಸ್ಟ್ ಅಲ್ಲವಲ್ಲ’ ಎಂದರು, ಅಲ್ಲಿಗೆ ಸಂದರ್ಶನ ಮುಗಿಯಿತು. ಆ ಹೊತ್ತಿಗೆ ಸಿ.ಎಸ್.ಸಿ.ಎಸ್. ಪರೀಕ್ಷೆ ಕಟ್ಟಿದ್ದೆ, ಕ್ರೀಡಾಪಟುಗಳಿಗೆ ಬಲ ತರಬೇತಿ ಕೊಡುವವರಿಗೆ ಅಮೆರಿಕದ ಸಂಸ್ಥೆಯೊಂದು ಕೊಡುವ ಪ್ರಮಾಣಪತ್ರ ಅದು. ವಿಜ್ಞಾನದ ಭಾಗ ಮೊದಲ ಸಲವೇ ಆಯಿತು, ಪ್ರಾಯೋಗಿಕ ಭಾಗದಲ್ಲಿ ಬಿದ್ದೆ. ಎರಡನೆಯ ಸಲ ಡಾಲರ್ ಲೆಕ್ಕದಲ್ಲಿ ಶುಲ್ಕ ಕಟ್ಟುವಾಗ ಕೈ ನಡುಗಿತು. ಪುಸ್ತಕವೂ ಸೇರಿ ಎಲ್ಲ ಒಟ್ಟು 70 ಸಾವಿರದ ಆಸುಪಾಸು ಆಗಿರಬೇಕು.

ಬೆಂಗಳೂರಿನಲ್ಲಿ ಅವಕಾಶವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರವಿದೆ, ಬಿ.ಸಿ.ಸಿ.ಐ.ನ ಕೇಂದ್ರವಿದೆ, ಪಡುಕೋಣೆ–ದ್ರಾವಿಡ್ ಕೇಂದ್ರವಿದೆ. ಬಳ್ಳಾರಿ ಕಡೆ ವಿಜಯನಗರದಲ್ಲಿ ಕ್ರೀಡಾಪಟುಗಳನ್ನು ತಯಾರು ಮಾಡುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಇದೆ. ಆದರೆ ಅಲ್ಲಿನ ಕುರ್ಚಿಗಳು ಬೆರಳೆಣಿಕೆಯವು, ಹೊರಗೆ ನಿಂತವರು ನೂರಾರು. 2019ರಲ್ಲಿ ಊರಿಗೆ ಬಂದೆ.

ಮೊದಲ ತಂಡ 11 ಹುಡುಗರದು, ತಿಂಗಳಿಗೆ ತಲಾ 600 ರೂಪಾಯಿ. ಪರೀಕ್ಷೆ ನಿಮಗೆಲ್ಲ ಗೊತ್ತಿರುವುದೇ: 1600 ಮೀಟರ್ ಆರೂವರೆ ನಿಮಿಷದಲ್ಲಿ, 3.80 ಮೀಟರ್ ಉದ್ದ ಜಿಗಿತ, ಗುಂಡು ಎಸೆತ. ನಾನು ಓದಿದ್ದನ್ನೆಲ್ಲ ಮೂರು ತಿಂಗಳ ಕಾಲ ಅವರ ಮೇಲೆ ಸುರಿದೆ. ವಾರಕ್ಕೆ ಮೂರು ದಿನ ಇಂಟರ್ವಲ್ ಓಟ, ಅಂದರೆ ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ವೇಗದ ಓಟ. ಬೇಸಿಗೆಯ ಎರೆ ಮಣ್ಣು ಒಣಗಿ ಕಲ್ಲಿನ ಹಾಗಾಗಿತ್ತು. ಮೂವರಿಗೆ ಕಣಕಾಲಿನ ಮೂಳೆ ನೋವು ಶುರುವಾಯಿತು. ಉಳಿದವರು ಚೆನ್ನಾಗಿಯೇ ಓಡುತ್ತಿದ್ದರು, ಬಹುತೇಕ ಎಲ್ಲರದೂ 6 ನಿಮಿಷ 20 ಸೆಕೆಂಡಿನ ಒಳಗೆ. ನಿಶ್ಚಿಂತನಾಗಿದ್ದೆ. ಪರೀಕ್ಷೆಯ ದಿನ ನಾಲ್ಕೇ ಜನ ಪಾಸಾದರು. ಲಿಖಿತ ಪರೀಕ್ಷೆ ಗೆದ್ದು ಮೈದಾನದಲ್ಲಿ ಸೋತು ಬಂದ ಹುಡುಗನ ಮುಖ ನೋಡುವುದು ಬಹಳ ಕಷ್ಟ. ಒಬ್ಬನ ತಾಯಿ ಮನೆಗೇ ಬಂದು, ‘ಆರು ನೂರರಂತೆ ಮೂರು ತಿಂಗಳು ಕೊಟ್ಟಿದ್ದೇವೆ’ ಎಂದು ಬಾಗಿಲಲ್ಲಿ ನಿಂತರು. ಅವರ ದುಡ್ಡು ಹಿಂದಿರುಗಿಸಿದೆ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ 30 ಮೀಟರಿನ ಉಕ್ಕಿನ ಟೇಪು ಹಿಡಿದು, ತಮ್ಮನನ್ನು ಕರೆದುಕೊಂಡು ನಾವು ಅಭ್ಯಾಸ ಮಾಡುತ್ತಿದ್ದ ಮೈದಾನ ಅಳೆದೆ. ಅಂಚುಕಟ್ಟೆ ಇಲ್ಲದ ಕಡೆ ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕಲ್ಲ, ಹಾಗೆಯೇ ಅಳೆದೆ. ಎಲ್ಲರೂ 400 ಎಂದು ನಂಬಿದ್ದ ಸುತ್ತು 380 ಮೀಟರ್ ಬಂತು. ನಂಬದೆ ಮತ್ತೊಮ್ಮೆ ಅಳೆದೆ, ಅಷ್ಟೇ ಬಂತು. ನಾಲ್ಕು ಸುತ್ತಿಗೆ 80 ಮೀಟರ್ ಕಡಿಮೆ, ಅವರ ವೇಗದಲ್ಲಿ 20 ಸೆಕೆಂಡು. ನಮ್ಮ 6:20 ನಿಜಕ್ಕೂ 6:40 ಆಗಿತ್ತು. ಆಮ್ಲಜನಕ ಬಳಕೆಯನ್ನು ದಶಮಾಂಶದಲ್ಲಿ ಲೆಕ್ಕ ಹಾಕಲು ಕಲಿತಿದ್ದ ನಾನು ನೆಲವನ್ನೇ ಅಳೆದಿರಲಿಲ್ಲ. ಈಗ ಆ ಟೇಪು ನನ್ನ ಚೀಲ ಬಿಟ್ಟು ಇಳಿಯುವುದಿಲ್ಲ.

ಎರಡನೆಯ ತಂಡದಿಂದ ಕ್ರಮ ಬದಲಾಯಿಸಿದೆ. ವಾರಕ್ಕೆ ನಾಲ್ಕು ದಿನ ನಿಧಾನ ಓಟ, ಒಂದು ದಿನ ವೇಗ, ಒಂದು ದಿನ ಬಲ. ವೇಗದ ದಿನ ಆರು ಸಲ 400 ಮೀಟರ್, ಪ್ರತಿಯೊಂದೂ 94 ಸೆಕೆಂಡಿನ ಆಸುಪಾಸು, ನಡುವೆ 200 ಮೀಟರ್ ನಡಿಗೆ. ಬಲದ ದಿನ ಬಸ್ಕಿ, ತೊಡೆಯ ಹಿಂಭಾಗಕ್ಕೆ ನಾರ್ಡಿಕ್, ಮೀನಖಂಡದ ವ್ಯಾಯಾಮ, ಗರಡಿಮನೆಯಿಂದ ಕೇಳಿ ತಂದ ಗುಂಡುಕಲ್ಲು. ನಿವೃತ್ತ ಸುಬೇದಾರರೊಬ್ಬರು ದಿನಾ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ‘ಮೆಲ್ಲಗೆ ಓಡಿದವನು ಮೆಲ್ಲಗೆ ಓಡುವುದನ್ನೇ ಕಲಿಯುತ್ತಾನೆ’ ಎಂದು ಹುಡುಗರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಐವರು ಬಿಟ್ಟು ಹೋದರು.

ನಿಧಾನ ಎಂದರೆ ಎಷ್ಟು ನಿಧಾನ ಎಂಬುದೇ ದೊಡ್ಡ ತಲೆನೋವು. ಎಲ್ಲರಿಗೂ ಹೃದಯ ಬಡಿತ ಅಳೆಯುವ ಎದೆಪಟ್ಟಿ ಕೊಡಿಸಲು ದುಡ್ಡಿರಲಿಲ್ಲ. ಅದಕ್ಕೆ ಮಗ್ಗಿ ಹೇಳಿಸಿದೆ. ಓಡುತ್ತಲೇ ಹದಿಮೂರರ ಮಗ್ಗಿ ಗಟ್ಟಿಯಾಗಿ ಒಪ್ಪಿಸಬೇಕು. ‘ಹದಿಮೂರು ನಾಲ್ಕಲಿ ಐವತ್ತೆರಡು’ ಒಂದೇ ಉಸಿರಿಗೆ ಬಂದರೆ ಸರಿ, ನಡುವೆ ದಮ್ಮು ಕಟ್ಟಿದರೆ ವೇಗ ಇಳಿಸು. ಶುರುವಿನಲ್ಲಿ 7 ನಿಮಿಷ 20 ಸೆಕೆಂಡಿನಲ್ಲಿದ್ದ ಕುರಿಗಾಹಿ ಮನೆತನದ ಹುಡುಗನೊಬ್ಬ ಹದಿನಾಲ್ಕು ವಾರದಲ್ಲಿ ಹತ್ತೊಂಬತ್ತರ ಮಗ್ಗಿಯವರೆಗೆ ಬಂದ. ಲಿಖಿತ ಪರೀಕ್ಷೆಯ ಲೆಕ್ಕಕ್ಕೂ ಅದು ಒದಗಿತು ಎಂದು ಅವನೇ ಹೇಳಿದ. 1600 ಮೀಟರ್ ಅವನಿಗೆ 6:19 ಆಯಿತು, ಸರಿಯಾಗಿ ಅಳೆದ ನೆಲದ ಮೇಲೆ.

ಓಟ ಹಂಚಿಕೊಳ್ಳುವುದೂ ಅಷ್ಟೇ ಮುಖ್ಯ. ಎಲ್ಲರೂ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸಿ ನಾಲ್ಕನೆಯದರಲ್ಲಿ ಸಾಯುತ್ತಾರೆ. ನಾನು 97 ಸೆಕೆಂಡಿಗೆ ಒಂದು ಸೀಟಿ ಊದುತ್ತೇನೆ. ಸೀಟಿಗೂ ಮೊದಲೇ ಗೆರೆ ದಾಟಿದವನು ನಿಂತು ಕಾಯಬೇಕು. ನಾಲ್ಕೂ ಸುತ್ತು ಒಂದೇ ಸಮ ಬಂದರೆ 6:28. ಕೊನೆಯ ಹತ್ತು ದಿನ ಏನು ಮಾಡಿಸುತ್ತೇನೆ, ಓಟದ ದಿನ ಬೆಳಿಗ್ಗೆ ಮೈ ಬಿಸಿ ಮಾಡಿಸುವ ಕ್ರಮ ಯಾವುದು ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಓಟ ಎಷ್ಟು ಬಿರುಸಾಗಿತ್ತು ಎಂಬುದನ್ನು ರಕ್ತದ ಹನಿಯಲ್ಲಿ ಅಳೆದು ತೋರಿಸುವ ಲ್ಯಾಕ್ಟೇಟ್ ಮೀಟರ್‌ಗೆ 40 ಸಾವಿರದಷ್ಟು ಸುರಿದೆ. ರಕ್ತದ ಹನಿ ಹಾಕುವ ಪಟ್ಟಿಯೊಂದಕ್ಕೆ ಇನ್ನೂರು ರೂಪಾಯಿಯ ಆಸುಪಾಸು, ಬೆವರು ತಾಗಿದರೆ ಅಂಕಿಯೇ ತಪ್ಪು. ಒಂದೇ ಹಂಗಾಮಿಗೆ ಮೂಲೆ ಸೇರಿತು, ಮಗ್ಗಿಯೇ ಮೇಲು. ಮೊಬೈಲ್ ಮಾತ್ರ ಕೈ ಹಿಡಿಯಿತು. ಸೆಕೆಂಡಿಗೆ 240 ಚೌಕಟ್ಟಿನ ನಿಧಾನ ಚಿತ್ರಣದಲ್ಲಿ ನಿಂತಲ್ಲಿಂದಲೇ ನೇರ ಮೇಲಕ್ಕೆ ಜಿಗಿಯುವುದನ್ನು ತೆಗೆದು, ಪಾದ ನೆಲ ಬಿಟ್ಟ ಕ್ಷಣದಿಂದ ಮತ್ತೆ ಮುಟ್ಟುವವರೆಗಿನ ಚೌಕಟ್ಟುಗಳನ್ನು ಎಣಿಸಿದರೆ ಸಾಕು. 120 ಚೌಕಟ್ಟು ಬಂದರೆ ಗಾಳಿಯಲ್ಲಿ ಅರ್ಧ ಸೆಕೆಂಡು, ಎತ್ತರ 30 ಸೆಂಟಿಮೀಟರಿಗಿಂತ ಸ್ವಲ್ಪ ಮೇಲೆ. ಒಂದು ಚೌಕಟ್ಟು ತಪ್ಪಿದರೂ ಅರ್ಧ ಸೆಂಟಿಮೀಟರಿನ ವ್ಯತ್ಯಾಸ, ಅಷ್ಟೇ. ಯಾರು ದಣಿದಿದ್ದಾರೆ ಎಂಬುದು ಅವರು ಬಾಯಿ ಬಿಡುವ ಮೊದಲೇ ಇದರಲ್ಲಿ ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಓಟದ ಮೊದಲು, ಆಮೇಲೆ ತೂಕ ಹಾಕಿಸಿದೆ. ಒಂದು ಗಂಟೆಗೆ ಕಿಲೋದ ಹತ್ತಿರ ಇಳಿಯುತ್ತಿತ್ತು. ಅಂದಿನಿಂದ ಉಪ್ಪು, ಮಜ್ಜಿಗೆ ಹಾಕಿದ ರಾಗಿ ಅಂಬಲಿ ಕಡ್ಡಾಯ.

ನನ್ನ ಜೊತೆ ಓದಿದವರಲ್ಲಿ ಒಬ್ಬಳು ಕ್ರೀಡಾ ಅಕಾಡೆಮಿಯಲ್ಲಿ ಪರೀಕ್ಷೆಗಳನ್ನು ನಡೆಸುತ್ತಾಳೆ, ಇಬ್ಬರು ಶಾಲೆಯ ದೈಹಿಕ ಶಿಕ್ಷಕರು, ಒಬ್ಬ ಸಂಶೋಧನೆಗೆ ವಿದೇಶಕ್ಕೆ ಹೋದ, ನಾಲ್ಕೈದು ಜನ ಜಿಮ್‌ನಲ್ಲೇ ಇದ್ದಾರೆ. ನನಗೆ ಈಗ ಹುಡುಗರ ತಂಡದ ಜೊತೆ ಒಂದು ಕಬಡ್ಡಿ ತಂಡ, ಸಂಜೆಗೆ ಸಕ್ಕರೆ ಕಾಯಿಲೆಯ ಹೆಂಗಸರ ಗುಂಪು ಇದೆ. ವೈದ್ಯರ ಚೀಟಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ, ಮಾತ್ರೆಯ ಮಾತು ನನ್ನದಲ್ಲ. ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಎಂದು ತಿಂಗಳಿಗೊಮ್ಮೆ ಎಣಿಸಿ ಬರೆದಿಡುತ್ತೇನೆ. ಏಳರಲ್ಲಿದ್ದ ಒಬ್ಬ ಅಜ್ಜಿ ಹದಿಮೂರು ಮುಟ್ಟಿದ ದಿನ ಎಲ್ಲರಿಗೂ ಹೋಳಿಗೆ ಮಾಡಿ ತಂದಿದ್ದರು. ಎಲ್ಲ ಸೇರಿ ತಿಂಗಳಿಗೆ 60–65 ಸಾವಿರ ಕೈಗೆ ಬರುತ್ತದೆ, ಮಳೆಗಾಲದಲ್ಲಿ ನಲವತ್ತಕ್ಕೆ ಇಳಿಯುತ್ತದೆ. ಹೊಲ ಬಿಡಿಸಿಕೊಂಡು ಎರಡು ವರ್ಷವಾಯಿತು. ಸುಬೇದಾರರು ತಮ್ಮ ತಂಗಿಯ ಮಗನನ್ನು ತಾವೇ ಕರೆತಂದು ಸೇರಿಸಿದರು.

ಮುಂದಿನ ತಿಂಗಳು ಹಾನಗಲ್ಲಿನಲ್ಲಿ ಇನ್ನೊಂದು ತಂಡ ಶುರುವಾಗುತ್ತದೆ, ಇದರಲ್ಲಿ ಹುಡುಗಿಯರೂ ಒಂಬತ್ತು ಜನ ಇದ್ದಾರೆ. ಮೈದಾನ ಅಳೆದು ಬಂದಿದ್ದೇನೆ. ಸುತ್ತು 362 ಮೀಟರ್ ಇದೆ. ಭಾನುವಾರ ಸುಣ್ಣದ ಚೀಲ ಒಯ್ದು ಹೊಸ ಗೆರೆ ಎಳೆಯಬೇಕು.