ವೃತ್ತಿಪರ ಸಂಘದ ಚುನಾವಣೆಗೆ ತಕರಾರು ಸಲ್ಲಿಸುವುದು ಹೇಗೆ?

ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿ, ತೆರೆದು ಗಡುವು ನೋಡಿ. ದಿನಗಳ ಲೆಕ್ಕ ಸಾಮಾನ್ಯವಾಗಿ ಮತದಾನದಿಂದಲ್ಲ, ಫಲಿತಾಂಶ ಘೋಷಣೆಯಿಂದ ಶುರುವಾಗುತ್ತದೆ. ಅಂಚೆಗೆ ಹಾಕಿದ ದಿನ ಮುಖ್ಯವೋ, ಕಚೇರಿಗೆ ತಲುಪಿದ ದಿನವೋ ಎಂಬುದನ್ನೂ ಓದಿಕೊಳ್ಳಿ. ಎಷ್ಟೋ ಗಟ್ಟಿ ಅರ್ಜಿಗಳು ಇಲ್ಲೇ ಬಿದ್ದುಹೋಗುತ್ತವೆ. ಖುದ್ದಾಗಿ ಕೊಟ್ಟು, ಸೀಲು ಮತ್ತು ತಾರೀಖು ಇರುವ ಸ್ವೀಕೃತಿ ಪಡೆಯುವುದೇ ಕ್ಷೇಮ. ಠೇವಣಿ ಕಟ್ಟಬೇಕೆಂದಿದ್ದರೆ ರಸೀದಿಯೂ ಜೊತೆಗಿರಲಿ.

ಅರ್ಜಿ ಬರೆಯುವ ಮೊದಲೇ ಚುನಾವಣಾಧಿಕಾರಿಗೆ ಪತ್ರ ಕೊಟ್ಟು, ಮತಪತ್ರ, ಎಣಿಕೆ ಹಾಳೆ, ತಿರಸ್ಕೃತ ಮತಗಳ ಕಟ್ಟು ಮತ್ತು ಆನ್‌ಲೈನ್ ಮತದಾನವಾಗಿದ್ದರೆ ಸರ್ವರ್ ಲಾಗ್ (ಗಣಕದಲ್ಲಿ ತಾನಾಗಿ ದಾಖಲಾಗುವ ವಿವರ), ಇವನ್ನು ಕಾಯ್ದಿಡುವಂತೆ ಕೇಳಿ. ನಾಶವಾದ ಮೇಲೆ ಮರು ಎಣಿಕೆಯ ಮಾತೇ ಇಲ್ಲ.

ಇನ್ನು ಮುಖ್ಯ ಲೆಕ್ಕ. ತಪ್ಪು ನಡೆದಿದೆ ಎಂದಷ್ಟೇ ತೋರಿಸಿದರೆ ಸಾಲದು, ಅದರಿಂದ ಫಲಿತಾಂಶ ಬದಲಾಗಬಹುದಿತ್ತು ಎಂದೂ ತೋರಿಸಬೇಕಾಗುತ್ತದೆ. ಗೆಲುವಿನ ಅಂತರ 12 ಎಂದುಕೊಳ್ಳಿ. ಶುಲ್ಕ ಬಾಕಿಯಿದ್ದ 9 ಸದಸ್ಯರು ಮತ ಹಾಕಿದ್ದು ರುಜುವಾತಾದರೂ ಫಲಿತಾಂಶ ಅಲುಗಾಡದು, ಆ ಒಂಬತ್ತೂ ಗೆದ್ದವರ ಖಾತೆಯಿಂದ ಹೋದರೂ ಅಂತರ 3 ಉಳಿಯುತ್ತದೆ. ಅಂಥವರು 15 ಇದ್ದರೆ ಮಾತು ಬೇರೆ. ಅಂತರ ದೊಡ್ಡದಿದ್ದು ಕೈಯಲ್ಲಿ ಬರೀ ಸಣ್ಣ ಲೋಪಗಳಿದ್ದರೆ ಅರ್ಜಿ ಹಾಕದಿರುವುದೇ ಜಾಣತನ. ನಾಮಪತ್ರವನ್ನು ಅಕ್ರಮವಾಗಿ ತಿರಸ್ಕರಿಸಿದ್ದರೆ ಮಾತ್ರ ಈ ಅಳತೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕಣದಲ್ಲೇ ಇಲ್ಲದವರಿಗೆ ಎಷ್ಟು ಮತ ಬೀಳುತ್ತಿತ್ತೆಂದು ಎಣಿಸುವುದು ಹೇಗೆ?

ಮತದಾರರ ಪಟ್ಟಿಯ ದೋಷಕ್ಕೆ ಕರಡು ಪಟ್ಟಿ ಹೊರಬಿದ್ದಾಗಲೇ ಲಿಖಿತ ಆಕ್ಷೇಪಣೆ ಕೊಟ್ಟಿರಬೇಕು. ಆಗ ಸುಮ್ಮನಿದ್ದು ಸೋತ ಮೇಲೆ ಎತ್ತಿದರೆ, "ಗೆದ್ದಿದ್ದರೆ ಕೇಳುತ್ತಿದ್ದಿರಾ?" ಎಂಬ ಪ್ರಶ್ನೆ ಎದುರಾಗುತ್ತದೆ.

"ವ್ಯಾಪಕ ಅಕ್ರಮ ನಡೆದಿದೆ" ಎಂಬ ವಾಕ್ಯಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ. ಯಾವ ಮತಗಟ್ಟೆ, ಎಷ್ಟು ಹೊತ್ತಿಗೆ, ಯಾವ ಸದಸ್ಯತ್ವ ಸಂಖ್ಯೆ, ಯಾವ ನಿಯಮದ ಉಲ್ಲಂಘನೆ, ಹೀಗೆ ಒಂದೊಂದು ಆರೋಪಕ್ಕೆ ಒಂದೊಂದು ಕಂಡಿಕೆ ಬರೆಯಿರಿ. ಅಫಿಡವಿಟ್‌ನಲ್ಲಿ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರ್ಪಡಿಸಿ. ಸದಸ್ಯರನ್ನು ಯಾರಿಗೆ ಮತ ಹಾಕಿದಿರೆಂದು ಕೇಳಿ ಹೇಳಿಕೆ ಬರೆಸಿಕೊಳ್ಳಬೇಡಿ, ಗೋಪ್ಯತೆ ಮುರಿದ ಆರೋಪ ನಿಮ್ಮ ಮೇಲೇ ಬಂದೀತು.

ಗೆದ್ದವರನ್ನು ಪ್ರತಿವಾದಿಯಾಗಿ ಸೇರಿಸಲೇಬೇಕು. ನಿಮ್ಮನ್ನೇ ವಿಜೇತರೆಂದು ಘೋಷಿಸಲು ಕೇಳುವುದಾದರೆ ಕಣದಲ್ಲಿದ್ದ ಎಲ್ಲರನ್ನೂ ಸೇರಿಸಿ. ಮರು ಎಣಿಕೆ, ಚುನಾವಣೆ ಅಸಿಂಧು, ವಿಜೇತರ ಘೋಷಣೆ ಇವು ಬೇರೆ ಬೇರೆ ಕೋರಿಕೆಗಳು. ಬೇಕಾದದ್ದನ್ನು ಹೆಸರಿಸಿಯೇ ಕೇಳಿ. ತೀರ್ಪು ಬರುವವರೆಗೆ ಗೆದ್ದವರು ಸಾಮಾನ್ಯವಾಗಿ ಹುದ್ದೆಯಲ್ಲೇ ಇರುತ್ತಾರೆ. ತಡೆ ಬೇಕಿದ್ದರೆ ಅದಕ್ಕೆ ಕಾರಣ ಕೊಟ್ಟು ಪ್ರತ್ಯೇಕ ಮಧ್ಯಂತರ ಅರ್ಜಿ ಹಾಕಿ.