ಎರೆ ಹೊಲಕ್ಕೆ ಅಗಲ ಗಾಲಿ: ಟಯರ್, ರಿಮ್ ಮತ್ತು ಬ್ರೇಕಿನಲ್ಲಿ ನನ್ನ ಅನುಭವ

ಜೇವರ್ಗಿ ಕಡೆಯ ಆಳವಾದ ಎರೆ (ಜಿಗುಟಾದ ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿನ ಕಡಲೆ ಬಿತ್ತುವವರಿಗೆ ಸೆಪ್ಟೆಂಬರ್ ಕೊನೆಯ ಮಳೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಮಣ್ಣು ಹದಕ್ಕೆ ಬಂದಂತೆ ಕಂಡರೂ ನಾಲ್ಕು ಬೆರಳು ಕೆಳಗೆ ಹಸಿಯಿರುತ್ತದೆ. ಟ್ರ್ಯಾಕ್ಟರ್ ಇಳಿಸಿದರೆ ಗಾಲಿ ಹೂಳುತ್ತದೆ, ಪೂರ್ತಿ ಆರಲೆಂದು ಕಾದರೆ ಬೀಜಕ್ಕೆ ತೇವ ಸಿಗುವುದಿಲ್ಲ. ನನ್ನ 50 ಎಚ್‌ಪಿ ಟ್ರ್ಯಾಕ್ಟರಿನ ಹಿಂಗಾಲಿಗಳ 14.9-28 ಟಯರ್ (ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ) ತೆಗೆದು 16.9-28 ಹಾಕುತ್ತೇನೆ, ಒಳಗೆ ನೀರನ್ನೂ ತುಂಬಿಸುವುದಿಲ್ಲ ಎಂದಾಗ ಟಯರ್ ಅಂಗಡಿಯವರಿಂದ ಹಿಡಿದು ನಮ್ಮ ಅಣ್ಣನವರೆಗೆ ಎಲ್ಲರೂ ಬೇಡವೆಂದರು. ಹಿಡಿತಕ್ಕೆ ಭಾರ ಬೇಕೆಂಬುದು ಅವರ ವಾದ. ಕಳೆದ ಹಿಂಗಾರಿನಲ್ಲಿ ನಮ್ಮ ಸುತ್ತಿನ ಹೊಲಗಳಲ್ಲಿ ಮೊದಲು ಕೂರಿಗೆ ಇಳಿಸಿದ್ದು ನಾನೇ. ಬೇಡವೆಂದವರಲ್ಲಿ ಇಬ್ಬರು ತಮ್ಮ ಹೊಲಕ್ಕೂ ನನ್ನನ್ನೇ ಬಾಡಿಗೆಗೆ ಕರೆದರು.

ಅದಕ್ಕೂ ಮೊದಲು ಹಣ ಹೋದ ದಾರಿಗಳು ಹಲವು. ಹಳೆಯ ಟಯರಿನಲ್ಲಿ ತಲಾ 200 ಲೀಟರಿನಷ್ಟು ನೀರು ತುಂಬಿಸಿದಾಗ ಬೇಸಿಗೆಯ ನೇಗಿಲಿಗೆ ಅದು ಬಹಳ ಚೆನ್ನಾಗಿತ್ತು, ಆದರೆ ಹಸಿ ಎರೆಯಲ್ಲಿ ಅದೇ ಭಾರ ಗಾಲಿಯನ್ನು ಕೆಳಗೆ ಒತ್ತಿತು ಮತ್ತು ಮರುವರ್ಷ ಆ ಜಾಡಿನಲ್ಲಿ ತೊಗರಿಯ ತಾಯಿಬೇರು ಇಳಿಯದೆ ಗಿಡ ಕುಳ್ಳಗಾಯಿತು. ಶಹಾಪುರದ ಕಾಲುವೆಯ ಭತ್ತದ ಗದ್ದೆಗಳಲ್ಲಿ ಕೇಜ್ ವೀಲ್, ಅಂದರೆ ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿ, ನಡೆಯುವುದನ್ನು ಕಂಡು ಒಂದು ಜೋಡಿ ತಂದೆ. ಅಲ್ಲಿ ನಿಂತ ನೀರು ಮಣ್ಣನ್ನು ತೊಳೆಯುತ್ತದೆ, ಇಲ್ಲಿ ಪಟ್ಟಿಗಳ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ಉರುಳೆಯಂತಾಯಿತು, ಜೊತೆಗೆ ಡಾಂಬರು ರಸ್ತೆಯ ಮೇಲೆ ಅದನ್ನು ಓಡಿಸುವಂತಿಲ್ಲ. ಹೊರಗಡೆಗೆ ಇನ್ನೊಂದು ಹಳೆಯ ಗಾಲಿ ಜೋಡಿಸಿಯೂ ನೋಡಿದೆ. ಎರಡರ ಸಂದಿಯಲ್ಲಿ ಸಿಕ್ಕ ಮಣ್ಣನ್ನು ಹಾರೆಯಿಂದ ಕೀಳಬೇಕಾಯಿತು, ಆಕ್ಸಲ್ ಬೇರಿಂಗಿನ ಚಿಂತೆಯೂ ಹತ್ತಿತು, ಆದ್ದರಿಂದ ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿಟ್ಟೆ. ಹಲ್ಲು ಅರ್ಧ ಸವೆದ 16.9 ಜೋಡಿಗೆ ಕೊಟ್ಟ ಸುಮಾರು 25 ಸಾವಿರವೂ ಕೈಬಿಟ್ಟಿತು, ಏಕೆಂದರೆ ಎರೆಯಲ್ಲಿ ಅಗಲಕ್ಕಿಂತ ಮೊದಲು ಬೇಕಾದದ್ದು ಮಣ್ಣನ್ನು ತಾನೇ ಉದುರಿಸುವ ಎತ್ತರದ, ದೂರದೂರದ ಹಲ್ಲು.

ಹೊಸ ಜೋಡಿಗೆ 70 ಸಾವಿರದ ಆಸುಪಾಸು ಬಿತ್ತು. ಹಳೆಯ ರಿಮ್ಮಿಗೇ ಕೂರಿಸಿ 20 ಸಾವಿರ ಉಳಿಸಿ ಎಂದು ಸಲಹೆ ಕೊಟ್ಟವರಿದ್ದರು, ಹಾಗೆ ಮಾಡಿಯೂ ನೋಡಿದೆ. ಇಕ್ಕಟ್ಟಾದ ರಿಮ್ಮಿನಲ್ಲಿ ಟಯರಿನ ನಡು ಉಬ್ಬಿ ಅಂಚಿನ ಹಲ್ಲುಗಳು ನೆಲಕ್ಕೆ ತಾಗಲಿಲ್ಲ. ಗಾಳಿ ಕಡಿಮೆ ಮಾಡಿದೊಡನೆ ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಬುಡಸಮೇತ ಕಿತ್ತುಬಂತು. ಅಗಲವಾದ ರಿಮ್ ಬಂದ ಮೇಲೆ ಹೊಲದಲ್ಲಿ 11 ಅಥವಾ 12 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡುತ್ತೇನೆ, ಟ್ರಾಲಿ ಕಟ್ಟಿ ರಸ್ತೆಗೆ ಬಂದರೆ 20ರ ಹತ್ತಿರಕ್ಕೆ ಏರಿಸುತ್ತೇನೆ. ಟಯರ್ ಮತ್ತು ರಿಮ್ಮಿನ ಮೇಲೆ ಅಡ್ಡಲಾಗಿ ಬಿಳಿ ಬಣ್ಣದ ಒಂದೇ ಗೆರೆ ಎಳೆದಿಟ್ಟರೆ ಜಾರುವಿಕೆ ಅಂದೇ ತಿಳಿಯುತ್ತದೆ. ಕೂರಿಸುವಾಗ ಟಯರಿನ ಅಂಚಿಗೆ ನಾನು ಏನು ಸವರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಎರಡು ಟ್ಯೂಬುಗಳ ಬೆಲೆ ತೆತ್ತಿದ್ದೇನೆ.

ಫಲವನ್ನು ಅಳೆಯಲು ಗಾಲಿಗೆ ಸುಣ್ಣದ ಗುರುತು ಹಾಕಿ, ಹತ್ತು ಸುತ್ತಿಗೆ ಎಷ್ಟು ದೂರ ಸಾಗುತ್ತದೆಂದು ಕೂರಿಗೆ ಎತ್ತಿ ಒಮ್ಮೆ, ಇಳಿಸಿ ಒಮ್ಮೆ ನೋಡಿದೆ. ನೆಲದ ಮೇಲೆ ಗಾಲಿಯ ಜಾರುವಿಕೆ ಮೊದಲು ನೂರಕ್ಕೆ 30ರಷ್ಟಿದ್ದದ್ದು 15ರ ಆಸುಪಾಸಿಗೆ ಇಳಿಯಿತು.

ಬ್ರೇಕಿನ ವಿಷಯವನ್ನು ನಮ್ಮಲ್ಲಿ ಯಾರೂ ಎತ್ತುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ. ಗಾಲಿಯ ಎತ್ತರ ನೂರಕ್ಕೆ ಐದರಷ್ಟು ಹೆಚ್ಚಿದರೆ ಅದೇ ಗೇರಿನಲ್ಲಿ ವೇಗವೂ ಅಷ್ಟೇ ಹೆಚ್ಚುತ್ತದೆ, ನಿಲ್ಲಿಸಬೇಕಾದ ಶಕ್ತಿ ನೂರಕ್ಕೆ ಹತ್ತರಷ್ಟು ಏರುತ್ತದೆ, ಅದೇ ಬ್ರೇಕಿನ ಹಿಡಿತವೋ ನೆಲದ ಹತ್ತಿರ ನೂರಕ್ಕೆ ಐದರಷ್ಟು ತಗ್ಗುತ್ತದೆ. ಅಲಾಸ್ಕದಲ್ಲಿ ನದಿಯ ಮರಳುದಿಬ್ಬಗಳ ಮೇಲೆ ಸಣ್ಣ ವಿಮಾನ ಇಳಿಸುವವರು 31 ಇಂಚು ಎತ್ತರದ ದಪ್ಪ ಟಯರಿಗೆ ಹತ್ತು ಪಿಎಸ್‌ಐಗಿಂತ ಕಡಿಮೆ ಗಾಳಿ ಇಡುತ್ತಾರೆ, ಜೊತೆಗೆ ಹೆಚ್ಚು ಬಲದ ಬ್ರೇಕನ್ನೂ ಹಾಕಿಸುತ್ತಾರೆ. ಅವರ ಲೆಕ್ಕ ನಮಗೂ ಸಲ್ಲುತ್ತದೆ. ನನ್ನದು ಎಣ್ಣೆಯಲ್ಲಿ ಮುಳುಗಿದ ಬ್ರೇಕ್. ಹೊಲದ ತಿರುವಿನಲ್ಲಿ ಒಂದೇ ಬದಿಯ ಪೆಡಲ್ ತುಳಿದು ತುಳಿದು ಎಡಗಡೆಯ ಡಿಸ್ಕುಗಳು ಹೆಚ್ಚು ಸವೆದಿದ್ದವು, ಹಾಗಾಗಿ ಎರಡೂ ಬದಿಯವನ್ನು ಒಟ್ಟಿಗೇ ಬದಲಿಸಿದೆ; ಕೂಲಿ ಸೇರಿ 12 ಸಾವಿರ ಆಗಿರಬೇಕು. ಟ್ರಾಲಿಗೆ ಹೈಡ್ರಾಲಿಕ್ ಬ್ರೇಕ್ ಕೂರಿಸಲು ಇನ್ನೊಂದು 20 ಸಾವಿರ ಹೋಯಿತು. ಎಡ-ಬಲ ಪೆಡಲುಗಳನ್ನು ಒಂದಾಗಿಸುವ ಕೊಂಡಿ ಹಾಕಿ ಖಾಲಿ ರಸ್ತೆಯಲ್ಲಿ ಒಮ್ಮೆ ಗಟ್ಟಿಯಾಗಿ ತುಳಿದು, ಎರಡೂ ಗಾಲಿಗಳ ಉಜ್ಜಿದ ಗುರುತು ಸಮನಾಗಿದೆಯೇ ಎಂದು ನೋಡದೆ ನಾನು ತೊಗರಿಯ ಲೋಡನ್ನು ಕಲಬುರಗಿಯ ಮಾರುಕಟ್ಟೆಗೆ ಒಯ್ಯುವುದಿಲ್ಲ.

ಸುಮಾರು 43 ಸೆಂಟಿಮೀಟರ್ ಅಗಲದ ಈ ಗಾಲಿ 90 ಸೆಂಟಿಮೀಟರ್ ಸಾಲಿನ ಬೆಳೆದ ತೊಗರಿಯಲ್ಲಿ ಟೊಂಗೆ ಮುರಿಯುತ್ತದೆ. ಆದ್ದರಿಂದ ಕಾಯಿಕೊರಕಕ್ಕೆ ಔಷಧ ಹೊಡೆಯುವ ಮೊದಲು ಹಳೆಯ 14.9 ಜೋಡಿಯನ್ನು ರಿಮ್ ಸಮೇತ ಮರಳಿ ಹಾಕುತ್ತೇನೆ. ಒಳ್ಳೆಯ ಜ್ಯಾಕ್ ಮತ್ತು ಇನ್ನೊಬ್ಬರ ಕೈ ಇದ್ದರೆ ಅದು ಒಂದು ಬೆಳಗಿನ ಕೆಲಸ.